ಎರಡೂ ಕೈ

ಶನಿವಾರದ ಈ ಎರಡು ಗಂಟೆ ಹೊತ್ತೆಂದರೆ ನಾನು ತೊಳೆಯದೆ ಬಿಟ್ಟು ಬಂದ ಎರಡು ಮನೆಯ ಪಾತ್ರೆ, ಮೂರನೆಯ ಮನೆಯ ನೆಲ, ಮೇಲೆ ಜೀವನ್ ಬಿಮಾ ನಗರದ ಮನೆಯೊಡತಿ ಅಮ್ಮನ ಗೊಣಗು, ಇಷ್ಟನ್ನು ತೆತ್ತು ಹಲಸೂರಿನ ಈ ಶಾಲೆಯ ಬಾಗಿಲಲ್ಲಿ ಕೂತಿದ್ದೇನೆ, ಒಳಗೆ ಡೋಲು, ಡೋಲಿಗೆ ಹನ್ನೆರಡು ಮಕ್ಕಳು, ಅದರಲ್ಲಿ ನನ್ನ ಕಾವೇರಿ, ಎಂಟು ವರ್ಷ — ಇದೆಂಥ ಕುಣಿತವೋ, ಒಬ್ಬರು ಎದುರಿನಿಂದ ನಡೆದು ಬರಬೇಕು, ಮಗು ತನಗೆ ಸಾಕೆನಿಸಿದಲ್ಲಿ ಅಂಗೈ ಎತ್ತಿ ಹಿಂದೆ ಸರಿದು ಬೇಡ ಎನ್ನಬೇಕು, ಯಾರಾದ್ರೂ ಮುಟ್ಟಬಾರದ ಹಾಗೆ ಮುಟ್ಟೋಕೆ ಬಂದ್ರೆ ಬಾಯಿಗಿಂತ ಮೊದ್ಲು ಮೈ ಬೇಡ ಅನ್ಬೇಕು ಹುಸೇನಮ್ಮಾ, ಅದಕ್ಕೇ ಕುಣಿಸ್ತೀನಿ, ಎಂದಿದ್ದರು ಶಾಂತಕುಮಾರಿ ಮಿಸ್, ನಾನು ನಕ್ಕಿದ್ದೆ, ಬ್ಯಾಡ ಅನ್ನೂದು ಕಲಿಸಾಕ ಡೋಲು ಯಾಕ್ರೀ, ನಮ್ಮಾಕಿ ಉಪ್ಪಿಟ್ಟಿಗೆ ದಿನಾ ಅಂತಾಳ — ಉಪ್ಪಿಟ್ಟಿಗೆ ಅಂದಳು, ಶ್ರೀರಾಮಪ್ಪನಿಗೂ ಅಂದಳು, ಹೋದ ತಿಂಗಳು, ನನ್ನ ಕಣ್ಣೆದುರಿಗೇ, ಮೆಟ್ಟಿಲ ಮೇಲೆ, ಮನೆ ಓನರು, ಇಸ್ತ್ರಿಯ ಬಿಳಿ ಪಂಚೆ, ಬಾರೇ ಮರಿ ಟೀವಿ ನೋಡೋಣ, ಅವಳು ಅಂಗೈ ಎತ್ತಿದಳು, ಒಂದು ಮೆಟ್ಟಿಲು ಹಿಂದೆ ಸರಿದಳು, ಕಲಿಸಿದ ಹಾಗೇ, ಏನಮ್ಮಾ ನಿನ್ ಮಗಳು ಟ್ರಾಫಿಕ್ ಪೊಲೀಸಾ ಎಂದು ಅವನು ನಕ್ಕ, ನಾಚಿಕೆಯಾದದ್ದು ನನಗೆ, ಎತ್ತಿದ ಕೈಯನ್ನು ಹಿಡಿದು ಇಳಿಸಿ, ಇನ್ನೊಂದನ್ನು ತಂದು ಅದಕ್ಕೆ ಜೋಡಿಸಿದೆ, ದೊಡ್ಡವರಿಗೆ ಹಂಗ ಕೈ ತೋರಿಸ್ತಾರೇನ, ಹಿಂಗ ಮುಗಿ, ಅಜ್ಜ ಕರದ್ರ ಹೋಗಬೇಕು, ಬೆನ್ನಿಗೊಂದು ಕೊಟ್ಟೆ, ಹೋದಳು, ಅವತ್ತು ಹೋದಳು, ಆಮೇಲೆ ಕರೆದಾಗಲೆಲ್ಲ ಹೋದಳು, ಬಂದವಳು ಉಣ್ಣುತ್ತಿರಲಿಲ್ಲ, ಹೊಟ್ಟೆಯಲ್ಲಿ ಜಂತು ಎಂದುಕೊಂಡು ಮೂಗು ಹಿಡಿದು ಬೇವಿನ ರಸ ಕುಡಿಸಿದೆ, ಜಂತು —

ಈಗ ಅವಳ ಸರದಿ, ಇದೇ ಶಾಲೆಯ ಮುದುಕ ಸಂಜೀವಪ್ಪ ಮೇಷ್ಟ್ರು ಆಟಕ್ಕೆ ಎದುರಿನಿಂದ ಬರುತ್ತಿದ್ದಾರೆ, ನಾಲ್ಕು ಹೆಜ್ಜೆ, ಮೂರು, ಎತ್ತೇ ಕೈ, ಎರಡು, ಉಳಿದ ಮಕ್ಕಳೆಲ್ಲ ಬೇಡ ಅನ್ನೇ ಬೇಡ ಅನ್ನೇ ಎಂದು ಕೂಗುತ್ತಿದ್ದಾರೆ, ಅವಳು ಸರಿಯಲಿಲ್ಲ, ಎರಡೂ ಕೈ ಜೋಡಿಸಿದಳು, ಕಣ್ಣು ಮುಚ್ಚಿದಳು, ಉಸಿರು ಹಿಡಿದಳು, ಮೇಷ್ಟ್ರು ಅಲ್ಲೇ ನಿಂತುಬಿಟ್ಟರು, ಡೋಲು ನಿಂತಿತು, ಮಿಸ್ ಮಂಡಿಯೂರಿ ಕೂತರು, ಯಾರು ಪುಟ್ಟಾ ಹೀಗೆ ಕಲಿಸಿದ್ದು, ಅವ್ವ, ಯಾರಿಗೆ ಹೀಗೆ ಮಾಡ್ತೀಯಾ, ಓನರ್ ಅಜ್ಜಗ, ಆಮೇಲೆ, ಆಮ್ಯಾಲ ಕಣ್ಣು ಮುಚ್ಕೋ ಅಂತಾನ — ಸ್ಟೇಷನ್‌ಗೆ ಈಗ್ಲೇ ಹೋಗೋಣ ಹುಸೇನಮ್ಮಾ, ಆ ಮನೆಗೆ ವಾಪಸ್ ಬೇಡ, ಎನ್ನುತ್ತಿದ್ದಾರೆ ಮಿಸ್, ಹೋಗೋಣ, ಹೋಗುತ್ತೇನೆ, ಅವನ ಪಂಚೆ ಹಿಡಿದು ಬೀದಿಗೆ ಎಳೆಯುತ್ತೇನೆ, ಮೊದಲು ನನ್ನ ಕೂಸನ್ನು ಎತ್ತಿಕೊಳ್ಳಬೇಕು, ಒಳಗೆ ಓಡಿದೆ, ತೋಳು ಚಾಚಿದೆ, ಬಾ ನನ್ನವ್ವಾ, ಅವಳು ನನ್ನನ್ನು ನೋಡಿದಳು, ಬರಲಿಲ್ಲ, ಬೇಡ ಎನ್ನಲೂ ಇಲ್ಲ — ಅವಳಿಗೆ ಒಂದು ಬೇಡ ಸಿಕ್ಕಿತ್ತು, ಕಿತ್ತುಕೊಂಡವಳು ನಾನು — ನನ್ನೆದುರು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ —