ದ್ಯಾಮಣ್ಣನ ಪಾಳಿ

ಹಾಡು ಒಂದನೇ ನಂಬರಿಗೆ ಬಂದ ಸುದ್ದಿ ಕೊಪ್ಪಳದ ಪಕ್ಕದ ಭಾಗ್ಯನಗರದ ಕೂದಲಿನ ಗೋದಾಮಿಗೆ ಮುಟ್ಟಿದ್ದು ಸೋಮವಾರ ಬೆಳಗಿನ ಹತ್ತೂವರೆಗೆ. ಆ ಗೋದಾಮಿನ ಹಿಂದಿನ ಖೋಲಿಯಲ್ಲಿ ‘ಎಡದಂಡೆ’ ಎಂಬ ರಾಕ್ ಬ್ಯಾಂಡು ನಾಲ್ಕು ವರ್ಷದಿಂದ ತಾಲೀಮು ನಡೆಸಿತ್ತು. ದೊಡ್ಡ ಊರಿನವರು ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ದುಬಾರಿ ಮೆತ್ತೆ ಬಡಿಸುತ್ತಾರಂತೆ. ಇಲ್ಲಿ ವಿಗ್ಗು ಮಾಡಲು ತಂದ ಕೂದಲಿನ ಚೀಲಗಳನ್ನೇ ನಾಲ್ಕೂ ಗೋಡೆಗೆ ಒಟ್ಟಿದ್ದರು. ಯೂಸುಫ ಒಡೆದುಹೋಗುವ ಹಾಗೆ ಡ್ರಮ್ ಬಾರಿಸಿದರೂ ಪಕ್ಕದ ಮನೆಯ ಕೂಸಿಗೆ ಎಚ್ಚರವಾಗುತ್ತಿರಲಿಲ್ಲ.

ಗಿಟಾರಿನ ಗೋವಿಂದರಾಜ ಫೋನು ಹಿಡಿದು ಓಡಿ ಬಂದ. ಹಾಡಿನ ಆ್ಯಪಿನ ಕನ್ನಡ ಪಟ್ಟಿಯಲ್ಲಿ ಮೊದಲನೆಯ ಸಾಲಿಗೇ ‘ಲಸ್ಕರ ದ್ಯಾಮಣ್ಣ’, ಹಾಡಿದವರು ರಂಜಿತಾ ಮತ್ತು ಎಡದಂಡೆ. ಅದರ ಕೆಳಗೆ ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾದ ಹಾಡು.

“ಅವರು ನಮ್ಮ ಕೆಳಗ ಅದಾರ,” ಎಂದ ಗೋವಿಂದರಾಜ. ಮತ್ತೆ ಒಂದು ಸಲ ನೋಡಿ, “ಖರೇನ ಕೆಳಗ ಅದಾರ,” ಎಂದ.

ರಂಜಿತಾ ನಕ್ಕಳು, ಅತ್ತಳು, ಯೂಸುಫ ತರಿಸಿದ ಮಿರ್ಚಿ ಮಂಡಕ್ಕಿ ಹೊಟ್ಟೆ ತುಂಬ ತಿಂದಳು. ಯಾಕೆ ತಿನ್ನಬಾರದು? ವರ್ಷದ ಹಿಂದೆ ಇದೇ ಕೊಪ್ಪಳದ ಮಂದಿ ಇವರನ್ನು ಗಣಪತಿ ಮುಂದೆ ಹಾಡಲು ಕರೆದು, ಎರಡನೆಯ ಹಾಡಿಗೇ ಕೆಳಗಿಳಿಸಿ ಡಿ.ಜೆ. ಹಚ್ಚಿದ್ದರು. ಹಿತ್ತಲ ಗಿಡ ಮದ್ದಲ್ಲ. ಈಗ ಅವರೇ ‘ನಮ್ಮೂರ ಹುಡುಗಿ’ ಎಂದು ಬ್ಯಾನರು ಕಟ್ಟಿಸುತ್ತಿದ್ದರು.

ಕೈ ತೊಳೆದವಳೇ ಶ್ರೀರಾಮನಗರಕ್ಕೆ, ಅಪ್ಪನಿಗೆ ಫೋನು ಹಚ್ಚಿದಳು. ಎತ್ತಿದವಳು ಅವ್ವ ವಿರೂಪಾಕ್ಷಮ್ಮ.

“ಅಪ್ಪಗ ಕೊಡಬೇ. ಹಾಡು ಒಂದನೇ ನಂಬರ ಬಂದೈತಿ.”

“ಗ್ವಾಡಿ ಕಡೆ ಮಾರಿ ಮಾಡಿ ಕುಂತಾನವಾ. ಆಮ್ಯಾಲ ಮಾಡು.”

“ಈ ಹೊತ್ತಿನ್ಯಾಗ ಮನ್ಯಾಗ ಯಾಕದಾನ? ಕಾಲವಿಗೆ ಹೋಗಿಲ್ಲೇನು?”

ಅವ್ವ ದನಿ ತಗ್ಗಿಸಿ ಹೇಳಿದಳು. “ಹದಿನೈದು ದಿನ ಆತು, ಹೊಸ್ತಿಲ ದಾಟವಲ್ಲ. ನಿನಗ ಹೇಳಬ್ಯಾಡ ಅಂದಿದ್ದ.”

ರಂಜಿತಾ ಫೋನು ಹಿಡಿದೇ ಖೋಲಿಯ ಹೊರಗೆ ಬಂದು, ಏನಾಯಿತು, ಪೂರಾ ಹೇಳು ಎಂದಳು. ಯಾಕೆಂದರೆ ಹಾಡಿನ ದ್ಯಾಮಣ್ಣ ಬೇರೆ ಯಾರೂ ಅಲ್ಲ, ಅವಳ ಅಪ್ಪ.

ಲಸ್ಕರ ಅಂದರೆ ಕಾಲುವೆಯ ತೂಬು ಎತ್ತುವ, ಇಳಿಸುವ ನೌಕರ. ಹೇಳಿಕೊಳ್ಳಲು ಸಣ್ಣ ನೌಕರಿ, ಅನುಭವಿಸಲು ದೊಡ್ಡ ತಲೆನೋವು. ಮೇಲಿನ ಗದ್ದೆಯವರು ತಮ್ಮದು ತುಂಬುವವರೆಗೆ ಬಿಡುವುದಿಲ್ಲ, ಕೆಳಗಿನ ಗದ್ದೆಯವರಿಗೆ ನೀರು ಮುಟ್ಟುವುದಿಲ್ಲ, ಇಬ್ಬರೂ ಬೈಯುವುದು ಲಸ್ಕರನನ್ನೇ. ದ್ಯಾಮಣ್ಣ ಮೂವತ್ತೊಂದು ವರ್ಷ ಬೈಸಿಕೊಂಡು ಮೂರು ವರ್ಷದ ಹಿಂದೆ ನಿವೃತ್ತನಾಗಿದ್ದ; ಆದರೂ ಕಾಲುವೆಗೆ, ನಾಟಿಯ ಗದ್ದೆಯ ಬದುವಿಗೆ ಹೋಗಿ ನಿಲ್ಲುವುದನ್ನು ಬಿಟ್ಟಿರಲಿಲ್ಲ. ಕೆಳಗಿನವರ ಪಾಳಿ ಬಂದಾಗ ಮೇಲಿನವರು ಕದ್ದು ನೀರು ತಿರುಗಿಸಿಕೊಳ್ಳದಿರಲೆಂದು ತೂಬಿನ ಮೇಲೆಯೇ ಕುಳಿತು, ಬುತ್ತಿ ಅಲ್ಲಿಗೇ ತರಿಸಿಕೊಂಡು ಉಂಡವನು ಅವನು.

ಕೆಳಗಿನ ಗದ್ದೆಗಳಲ್ಲಿ ಸಸಿ ಹಚ್ಚುವ ಹೆಂಗಸರು, ಅವರ ಮುಂದಾಳು ಹುಲಗೆಮ್ಮ, ಅವನನ್ನು ಬದುವಿನ ಮೇಲೆ ಕಂಡರೆ ಸಾಕು, ಪದ ಎತ್ತುತ್ತಿದ್ದರು:

ಲಸ್ಕರ ದ್ಯಾಮಣ್ಣ, ನೀರೆಲ್ಲಿ ಬಚ್ಚಿಟ್ಟಿ?
ಮ್ಯಾಲಿನ ಗದ್ದಿಗಿ ಮಾವನಂಗ ಬಿಟ್ಟಿ,
ಕೆಳಗಿನ ಗದ್ದಿಗಿ ಕಣ್ಣೀರ ಕೊಟ್ಟಿ.

ಹಾಡಿ ಮುಗಿಸಿ, ಸಸಿ ಕೈಯಲ್ಲಿ ಹಿಡಿದು, ಎಲ್ಲರೂ ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಅವನು ಜವಾಬು ಕೊಡುವ ತನಕ ಒಂದು ಸಸಿಯೂ ಕೆಸರಿಗೆ ಇಳಿಯುತ್ತಿರಲಿಲ್ಲ. ದ್ಯಾಮಣ್ಣ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡುತ್ತಿದ್ದ:

ಮ್ಯಾಲ ಒಬ್ಬಾಕಿ ತಂಗಿ, ಕೆಳಗ ಒಬ್ಬಾಕಿ ತಂಗಿ,
ಒಂದ ಕುಬಸದ ಕಣ ಕೊಟ್ಟಾಳ ಗಂಗಿ,
ಯಾರಿಗಿ ಹರೀಲೆವ್ವ, ಯಾರಿಗಿ ಹೊಲೀಲಿ?

ಹೆಂಗಸರು ನಗುತ್ತಿದ್ದರು, ಸಸಿ ಇಳಿಯುತ್ತಿತ್ತು. ಪ್ರತಿ ನಾಟಿಗೆ ಹೊಸ ಬೈಗುಳ, ಹೊಸ ಜವಾಬು. ಅವ್ವನ ಕೈ ಹಿಡಿದು ಬದುವಿನ ಮೇಲೆ ನಿಂತು ಅದನ್ನೇ ಕೇಳಿ ಬೆಳೆದವಳು ರಂಜಿತಾ. ಪದಕ್ಕೆ ಗಿಟಾರು, ಡ್ರಮ್ಮು ಕೂಡಿಸಿದಾಗ ಗೋವಿಂದರಾಜನ ಮೈಮೇಲಿನ ಕೂದಲು ಎದ್ದು ನಿಂತಿದ್ದವು.

ಹೊಸಪೇಟೆಯ ಸ್ಟುಡಿಯೋದವನು ಹಾಡು ಉದ್ದವಾಯಿತು ಎಂದ. ಮೂರು ನಿಮಿಷ ದಾಟಿದರೆ ಈಗಿನವರು ಕೇಳುವುದಿಲ್ಲ, ಏನಾದರೂ ತೆಗೆಯಿರಿ ಎಂದ. ತೆಗೆಯಿರಿ ಅಂದವನು ಅವನೇ, ಆದರೆ ಏನನ್ನು ಎಂದು ಬೆರಳು ತೋರಿಸಿದವಳು ರಂಜಿತಾ. ಅಪ್ಪನ ಜವಾಬು ನಿಧಾನ, ತಾಳ ಬಿದ್ದುಹೋಗುತ್ತದೆ, ಅದನ್ನೇ ತೆಗೆಯಿರಿ ಅಂದಳು. ಗುಂಡಿಯ ಒಂದು ಒತ್ತಿಗೆ ಹೋಯಿತು.

ದೀಪಾವಳಿಗೆ ಹಾಡು ಬಂದಾಗ ದ್ಯಾಮಣ್ಣ ಫೋನನ್ನು ಕಿವಿಗೇ ಹಚ್ಚಿಕೊಂಡು ಕೇಳಿದ್ದ. ತನ್ನ ಹೆಸರು ಬಂದಾಗ ನಕ್ಕಿದ್ದ. ಹಾಡು ಮುಗಿದರೂ ಫೋನು ಕಿವಿಯಿಂದ ತೆಗೆಯಲಿಲ್ಲ.

“ಮುಗೀತಪ್ಪ,” ಎಂದಿದ್ದಳು ರಂಜಿತಾ.

“ಮುಗೀತನು? ನನ್ನ ಪಾಳಿ ಎಲ್ಲೈತಿ?”

“ಜಾಗ ಆಗಲಿಲ್ಲಪ್ಪ.”

“ಹ್ಞೂಂ. ಛಲೋ ಐತಿ,” ಎಂದು ಫೋನು ತಿರುಗಿ ಕೊಟ್ಟಿದ್ದ. ಅವಳಿಗೆ ಛಲೋ ಐತಿ ಅಂದದ್ದು ಮಾತ್ರ ಕೇಳಿಸಿತ್ತು. ಮಕ್ಕಳ ಕಿವಿ ಹಾಗೇ ಇರುತ್ತದೆ.

ಆಮೇಲೆ ಹಾಡು ಯಾರ ಕೈಗೂ ಸಿಗಲಿಲ್ಲ. ಎಲ್ಲೋ ದೂರದ ಊರಲ್ಲಿ ನಳಕ್ಕೆ ನೀರು ಬಾರದೆ ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಗೆ ಕುಳಿತು ಅದನ್ನೇ ಹಾಡಿದರು. ಹಾಸ್ಟೆಲಿನ ಹುಡುಗರು, ಮೋಟಾರು ಕೆಟ್ಟ ಓಣಿಯವರು, ಎಲ್ಲರಿಗೂ ಅದೇ ಹಾಡು. ಮಂದಿಯ ಪಾಲಿನದನ್ನು ನುಂಗಿ ಕೂತವನಿಗೆ ‘ದ್ಯಾಮಣ್ಣ’ ಎನ್ನುವುದು ರಾಜ್ಯಕ್ಕೆಲ್ಲ ಬಾಯಿಪಾಠವಾಯಿತು. ಗಂಗಾವತಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳು ಖುದ್ದು ದ್ಯಾಮಣ್ಣನನ್ನೇ ಗುರುತು ಹಿಡಿದು ರಾಗ ಎಳೆದಳು. ನೀರು ಬಿಡದೆ ಮಲಗಿದ ಲಸ್ಕರ ಇವನೇ ಎಂದುಕೊಂಡು ಒಬ್ಬ ಟೀವಿಯವನು ಮನೆಗೇ ಬಂದು, ಅಜ್ಜಾರ, ತೂಬಿನ ಮೇಲೆ ಮಲಗಿದ ಹಾಗೆ ಒಂದು ಸಲ ಮಾಡಿ ತೋರಿಸಿರಿ ಎಂದ. ದ್ಯಾಮಣ್ಣ ಅವನಿಗೆ ಚಹಾ ಕುಡಿಸಿ, “ನಾ ಮಲಗಿಲ್ರಿ ಸಾಹೇಬ್ರ. ಮೂವತ್ತೊಂದು ವರ್ಷ ಅಲ್ಲಿ ಮಲಗಿಲ್ಲ,” ಎಂದು ಕಳಿಸಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಇದನ್ನೆಲ್ಲ ಅವ್ವ ಫೋನಿನಲ್ಲಿ ಹೇಳಿದಳು. ಸಂಜೆಯ ಬಸ್ಸಿಗೆ ರಂಜಿತಾ ಊರಿಗೆ ಹೊರಟಳು. ಬಸ್ಸಿನಲ್ಲಿ ಕುಳಿತೇ ಹಾಡಿನ ಕಂಪನಿಯವರ ಜೊತೆ ಮಾತಾಡಿದಳು. ಒಂದನೇ ನಂಬರಿನ ಹಾಡನ್ನು ಮುಟ್ಟುವ ಹಾಗಿಲ್ಲ, ಬೇಕಾದರೆ ಜವಾಬನ್ನು ಎರಡನೇ ಹಾಡು ಮಾಡಿ, ಅದೂ ಓಡುತ್ತದೆ ಎಂದರು ಅವರು. ಇದೇ ದಾರಿ ಎಂದುಕೊಂಡು ಅವಳು ಮನೆ ಹೊಕ್ಕಳು.

ದ್ಯಾಮಣ್ಣ ಮಗಳ ಮುಖ ನೋಡಿ, “ಉಂಡೇನು?” ಎಂದ. ಅವಳು ಅವನ ಪಕ್ಕಕ್ಕೆ ಕುಳಿತು ಒಂದೇ ಉಸಿರಿಗೆ ಹೇಳಿದಳು. “ಕಂಪನಿಯವರು ಒಪ್ಯಾರಪ್ಪ. ನಿನ್ನ ಜವಾಬು ನಿನ್ನ ಬಾಯಿಂದನ ಹಾಡಸ್ತೀವಿ. ನೀ ಎಂಥಾಂವ ಅಂತ ಮಂದಿಗೆಲ್ಲ ಗೊತ್ತಾಗತೈತಿ.”

“ಯಾರಿಗಿ ಜವಾಬು ಕೊಡ್ಲಿ ತಂಗಿ?”

“ಹಾಡು ಕೇಳಾವ್ರಿಗೆ.”

“ಅವ್ರು ನನ್ನ ಏನೂ ಕೇಳಿಲ್ಲಲ್ಲ. ಕೇಳಿದಾಕಿ ಹುಲಗೆಮ್ಮ.” ಅವನು ಗೋಡೆಯ ಕಡೆಗೇ ನೋಡುತ್ತ ಹೇಳಿದ. “ಮಂದಿ ನಗತಾರಂತ ನಾ ಕುಂತಿಲ್ಲ. ಮಂದಿ ನಗು ಎಷ್ಟ ದಿನ? ಮತ್ತೊಂದ ಹಾಡು ಬರೂ ತನಕ. ಎರಡನೇ ಬೆಳಿ ನಾಟಿ ಚಾಲೂ ಆದಾಗ ಬದುವಿನ ಮ್ಯಾಲ ಹೋಗಿ ನಿಂತೆ. ಹುಲಗೆಮ್ಮ ನನ್ನ ನೋಡಿದ್ಲು. ನೋಡಿ ತಲಿ ಬಗ್ಗಿಸಿ ಸಸಿ ಹಚ್ಚಿದ್ಲು. ಒಬ್ಬಾಕಿನೂ ಬಾಯಿ ಬಿಡಲಿಲ್ಲ. ಸಾಹೇಬ ಬಂದಾಗ ಸುಮ್ಮನಾಗತಾರಲ್ಲ, ಹಂಗ. ಒಂದ ತಾಸು ನಿಂತಿದ್ದೆ.”

ರಂಜಿತಾ ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿದಳು. ಅಪ್ಪನಿಗೆ ಅವಮಾನವಾಗಿದೆ ಎಂದುಕೊಂಡು ಬಂದಿದ್ದಳು. ಅವಮಾನವಾಗಿದ್ದರೆ ಅದಕ್ಕೆ ಏನಾದರೂ ಮದ್ದು ಇರುತ್ತಿತ್ತು. ಆದದ್ದು ಅದಲ್ಲ. ನೌಕರಿ ಮುಗಿದ ಮೇಲೆ ಅವನಿಗೆ ಉಳಿದದ್ದೇ ಆ ಬೈಗುಳ, ಅದನ್ನು ಅವಳು ಕಸಿದುಕೊಂಡಿದ್ದಳು. ಆ ರಾತ್ರಿ ಮನೆಯಲ್ಲಿ ಮೂವರೂ ಅರ್ಧ ರೊಟ್ಟಿಗೇ ಎದ್ದರು.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಕೆಳಗಿನ ಗದ್ದೆಗೆ ಹೋದಳು. ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ನಡುವೆ ಹುಲಗೆಮ್ಮ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು.

“ಅತ್ತಿ, ಅಪ್ಪನ ಮ್ಯಾಲ ಯಾಕ ಪದಾ ಹೇಳವಲ್ರಿ?”

ಹುಲಗೆಮ್ಮ ಬಗ್ಗಿದವಳು ಏಳಲಿಲ್ಲ. “ಅದು ಈಗ ನಮ್ಮ ಪದ ಅಲ್ಲವಾ. ಊರ ಮಂದೆಲ್ಲ ಹಾಡಿ ಎಂಜಲ ಆಗೈತಿ.”

“ಹೊಸಾದು ಕಟ್ರಿ.”

ಆಗ ಎದ್ದಳು. ಕೈಯ ಕೆಸರನ್ನು ನೀರಲ್ಲಿ ತೊಳೆದು, ರಂಜಿತಾಳನ್ನೇ ನೋಡುತ್ತ ಹೇಳಿದಳು. “ಎದುರಿಗೆ ನಿಂದ್ರಿಸಿ ಬೈದ್ರ ಅದು ಸಲಿಗಿ. ಬೆನ್ನ ಹಿಂದ ಬೈದ್ರ ಚಾಡಿ. ಅದಕ್ಕ ಎದುರಿಗೆ ಇಲ್ಲದವರ ಹೆಸರು ನಾವು ಪದದಾಗ ತಗಿಯಂಗಿಲ್ಲ. ಮೂವತ್ತು ವರ್ಷ ನಾವು ಸಲಿಗಿ ಮಾಡಿದ್ದನ್ನ ನೀ ಚಾಡಿ ಮಾಡಿಬಿಟ್ಟಿ. ಆ ಮನಷಾ ನಮ್ಮ ಪಾಳಿ ನೀರಿಗೆ ಬಿಸಲಾಗ ಕುಂತಾಂವ. ಈಗ ಯಾವ ಬಾಯಿಲೆ ಅವನ ಹೆಸರ ತಗೀಲಿ? ನಮಗ ನಾಚಿಕಿ ಬರತೈತಿ.”

ಹಾಗಾದರೆ ತಲೆ ಬಗ್ಗಿಸಿದ್ದು ಸಿಟ್ಟಿಗಲ್ಲ. ರಂಜಿತಾಳ ಕಣ್ಣು ತುಂಬಿದವು. “ತಪ್ಪಾತು ಅತ್ತಿ. ಜವಾಬು ತಗದಾಕಿ ನಾನ. ಏನ ಮಾಡ್ಲಿ ಹೇಳ್ರಿ.”

ಹುಲಗೆಮ್ಮ ಸಾಲಿನ ಆಚೆ ಈಚೆ ನೋಡಿದಳು. ಹೆಂಗಸರೊಳಗೆ ಅದೇನೋ ಕಣ್ಣಲ್ಲೇ ತೀರ್ಮಾನವಾಯಿತು. “ಚಪ್ಲಿ ಬಿಡು. ಇಳಿ ಗದ್ದಿಗಿ.”

ಅವಳು ಜೀನ್ಸ್ ಪ್ಯಾಂಟು ಮಡಚಿ ಇಳಿದಳು. ಕೆಸರು ಮೀನಖಂಡದವರೆಗೆ ಬಂತು. ಯಾರೋ ಒಂದು ಸಸಿಯ ಕಟ್ಟನ್ನು ಅವಳ ಕೈಗೆ ಕೊಟ್ಟರು. ಆ ಹೊತ್ತಿಗೆ ರಸ್ತೆಯ ಕಡೆಯ ಬದುವಿನ ತುದಿಯಲ್ಲಿ ದ್ಯಾಮಣ್ಣ ಬಂದು ನಿಂತಿದ್ದ. ಮಗಳು ಒಬ್ಬಾಕಿನ ಹೋಗ್ಯಾಳ, ಬೈಸಿಕೊಂಡು ಬರತಾಳ, ಹೋಗು ಎಂದು ವಿರೂಪಾಕ್ಷಮ್ಮ ಅವನನ್ನು ದೂಡಿ ಕಳಿಸಿದ್ದಳು. ಬಂದವನು ಹತ್ತಿರ ಬರಲಿಲ್ಲ, ತಿರುಗಿಯೂ ಹೋಗಲಿಲ್ಲ.

ಹುಲಗೆಮ್ಮ ಅವನನ್ನು ನೋಡಿಯೂ ನೋಡದ ಹಾಗೆ ಪದ ಎತ್ತಿದಳು. ಹನ್ನೊಂದು ದನಿ ಹಿಂದೆ ಕೂಡಿದವು.

ರಾಗದ ರಂಜಿತಾ, ಅಪ್ಪನ್ನ ಮಾರೀದಿ,
ಊರೂರ ಸಂತ್ಯಾಗ ಹೆಸರ ತೂಗೀದಿ,
ಏನ ಕೊಂಡ ಬಂದಿ ಮಗಳ, ತೋರಸ ನಮಗ.

ಹಾಡಿ, ಎಲ್ಲರೂ ಸೊಂಟ ನೆಟ್ಟಗೆ ಮಾಡಿ ನಿಂತರು. ಸಸಿ ಕೈಯಲ್ಲೇ ಇತ್ತು. ಈಗ ಅವಳ ಪಾಳಿ.

ಹತ್ತು ಸಾವಿರ ಮಂದಿಯ ಮುಂದೆ ಮೈಕು ಹಿಡಿದು ಕುಣಿದವಳಿಗೆ ಹನ್ನೆರಡು ಹೆಂಗಸರ ಮುಂದೆ ಒಂದಕ್ಷರ ಹುಟ್ಟಲಿಲ್ಲ. ಬಾಯಿ ತೆಗೆದಳು, ಮುಚ್ಚಿದಳು. ಆಡಿದ್ದು ಪೂರಾ ನಿಜವಾಗಿದ್ದರೆ ಜವಾಬು ಹೇಗೆ ಹುಟ್ಟಬೇಕು? ಕಣ್ಣೀರು ಕೆನ್ನೆಗೆ ಇಳಿಯಿತು, ಒರೆಸಲು ಹೋಗಿ ಮುಖಕ್ಕೆಲ್ಲ ಕೆಸರು ಮೆತ್ತಿಕೊಂಡಳು. ಯಾರೂ ನಗಲಿಲ್ಲ. ಯಾರೂ ಬಗ್ಗಲೂ ಇಲ್ಲ. ಜವಾಬು ಬಾರದೆ ಸಸಿ ಇಳಿಯುವುದಿಲ್ಲ, ಅದು ಯಾರ ಮಗಳಾದರೂ ಅಷ್ಟೇ.

ಬದುವಿನ ತುದಿಯಲ್ಲಿ ಒಂದು ಕೆಮ್ಮು ಕೇಳಿಸಿತು. ದ್ಯಾಮಣ್ಣ ರುಮಾಲು ತೆಗೆದು ಹೆಗಲಿಗೆ ಹಾಕಿದ್ದ.

ಮುದಿ ಎತ್ತ ನಾನೆವ್ವ, ಯಾರ ಕೊಂಡಾರ?
ಸಂತಿ ಮಂದೆಲ್ಲ ಹಲ್ಲ ಎಣಿಸ್ಯಾರ,
ಮಾರಲಾರದ ಮಗಳು ಹೊಡಕೊಂಡ ಬಂದಾಳ.

ಮೊದಲು ನಕ್ಕವಳು ಸಾಲಿನ ಕೊನೆಯ ಮುದುಕಿ ಹೊಳಿಯಮ್ಮ. ಹಲ್ಲಿಲ್ಲದ ಬಾಯಿ ತೆರೆದು ಅವಳು ನಕ್ಕದ್ದಕ್ಕೆ ಉಳಿದವರು ಬಿದ್ದು ಬಿದ್ದು ನಕ್ಕರು. ರಂಜಿತಾ ಅಳುತ್ತಲೇ ನಕ್ಕಳು. ಮಾರಲಾರದ ಮಗಳು ಎಂದಿದ್ದ ಅಪ್ಪ. ಮಾರಿದವಳು ತಾನು ಎಂಬುದು ಅವನಿಗೂ ಗೊತ್ತು, ಹನ್ನೆರಡು ಮಂದಿಗೂ ಗೊತ್ತು. ಎಲ್ಲರ ಎದುರಿಗೆ ಅವನು ಅದನ್ನು ತನ್ನ ಬಾಯಿಂದ ಸುಳ್ಳು ಮಾಡಿಬಿಟ್ಟಿದ್ದ.

ಸಸಿ ಕೆಸರಿಗೆ ಇಳಿಯತೊಡಗಿತು. ದ್ಯಾಮಣ್ಣ ರುಮಾಲು ಸುತ್ತಿಕೊಂಡು ಮನೆಯ ಕಡೆ ತಿರುಗಿದ.

“ಎಲ್ಲಿಗಿ ಹೊಂಟಿ ದ್ಯಾಮಣ್ಣ?” ಹುಲಗೆಮ್ಮ ಬಗ್ಗಿದಲ್ಲಿಂದಲೇ ಕೂಗಿದಳು. “ಆಕೀದಕ್ಕ ಜವಾಬು ಕೊಟ್ಟಿ. ನಿನ್ನ ಮ್ಯಾಲಿನ ಪದ ಇನ್ನ ಬಾಕಿ ಐತಿ. ನಿಂದರು ಅಲ್ಲೇ.”

ಅವನು ನಿಂತ.