ಅಡ್ಡೆ ಇಳಿಸಿದವರ ಮನೆ

ಸೌಜನ್ಯ ಆಲೂರು ಕಡೆಯ ಹುಡುಗಿ. ಯಸಳೂರಿನಾಚೆಯ ಬಾಳೆಕೊಪ್ಪಕ್ಕೆ ಸೊಸೆಯಾಗಿ ಬಂದಾಗ, ಎರಡು ಗಂಟೆಯ ಬಸ್ಸಿನ ದಾರಿಯಲ್ಲಿ ದೇವರ ಸ್ವಭಾವವೂ ಬದಲಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತವರಿನಲ್ಲಿ ದೇವರೆಂದರೆ ಸೋಮವಾರಕ್ಕೆ ಎರಡು ಊದುಬತ್ತಿ, ಹಬ್ಬಕ್ಕೆ ಒಂದು ಹೋಳಿಗೆ. ಇಲ್ಲಿನ ದೇವರಿಗೆ ಮೂಗಿನ ತುದಿಯಲ್ಲೇ ಕೋಪ. ಹಾಗಂತ ಊರಿನವರು ಹೇಳುತ್ತಿದ್ದರು, ಅವಳು ನಂಬಿದಳು. ಹೊಸದಾಗಿ ಬಂದವರು ಎಲ್ಲವನ್ನೂ ನಂಬುತ್ತಾರೆ.

ಗಂಡ ಯೋಗಾನಂದ ಒಳ್ಳೆಯವನು. ಮೂರು ಎಕರೆ ಕಾಫಿ ನೋಡಿಕೊಂಡು, ಸುತ್ತಲಿನ ತೋಟಗಳಿಗೆ ಸ್ಪ್ರಿಂಕ್ಲರ್ ಜೋಡಿಸಿಕೊಡುತ್ತಿದ್ದ. ಬೆಳಿಗ್ಗೆ ಎದ್ದವನೇ ಮೊಬೈಲಿಗೆ ಬಂದ ಅರಣ್ಯ ಇಲಾಖೆಯ ಸಂದೇಶದಲ್ಲಿ ಆನೆಗಳು ಯಾವ ತೋಟದಲ್ಲಿವೆ ಎಂದು ನೋಡಿ, ಆಮೇಲೆ ಹಲ್ಲುಜ್ಜಲು ಹೋಗುತ್ತಿದ್ದ. ಮದುವೆಯಾದ ವರ್ಷದ ಆಷಾಢದಲ್ಲಿ ಅವಳು ತವರಿಗೆ ಹೋದಳು. ಅಳಿಯ ಆ ತಿಂಗಳು ಅತ್ತೆಮನೆಯ ಹೊಸ್ತಿಲು ದಾಟುವಂತಿಲ್ಲವಲ್ಲ, ಅವನು ವಾರಕ್ಕೊಮ್ಮೆ ಜಡಿಮಳೆಯಲ್ಲಿ ಬೈಕ್ ಹೊಡೆದುಕೊಂಡು ಆಲೂರಿನ ಬಸ್ ನಿಲ್ದಾಣಕ್ಕೆ ಬರುತ್ತಿದ್ದ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ಹೊಸ್ತಿಲು ದಾಟ್ಬಾರ್ದು ಅಂದವ್ರೆ. ಟೀ ಕುಡೀಬಾರ್ದು ಅಂತ ಯಾರೂ ಅಂದಿಲ್ವಲ್ಲ" ಎಂಬುದು ಅವನ ವಾದ. ಅವನ ಮೇಲೆ ಅವಳಿಗೆ ಪ್ರೀತಿ ಹುಟ್ಟಿದ್ದು ಮದುವೆ ಮಂಟಪದಲ್ಲಲ್ಲ, ಆ ಬೆಂಚಿನ ಮೇಲೆ.

ಗೌರಿ ಹಬ್ಬದ ಬಾಗಿನ ಬಂತು, ದೀಪಾವಳಿ ಬಂತು. ಕಾಫಿ ಕುಯ್ಲಿನ ಹೊತ್ತಿಗೆ ಅವಳಿಗೆ ಮೂರು ತಿಂಗಳು. ಅತ್ತೆ ರಾಜಲಕ್ಷ್ಮಮ್ಮ ಕಣದಲ್ಲಿ ತಾವೇ ಹಣ್ಣು ಹರಡಿದರೇ ಹೊರತು ಸೊಸೆಯನ್ನು ಬಿಸಿಲಿಗೆ ಇಳಿಸಲಿಲ್ಲ. ಏಳನೇ ತಿಂಗಳಿಗೆ ಸೀಮಂತ ಎಂದು ಗೊತ್ತಾಯಿತು, ಸುಗ್ಗಿ ಮುಗಿದ ಮರುವಾರ. ಸಕಲೇಶಪುರದಿಂದ ತಂದ ಹಸಿರು ಬಳೆಗಳು ಆಗಲೇ ಬೀರು ಸೇರಿದ್ದವು.

ಬಾಳೆಕೊಪ್ಪದ ಸುಗ್ಗಿ ಎಂದರೆ ಊರದೇವರ ಹಬ್ಬ, ಮೂರು ದಿನ. ತಮಟೆ ಹೊಡೆದು ಸಾರಿದ ಮೇಲೆ ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಹಸಿ ಮರಕ್ಕೆ ಕತ್ತಿ ಇಡುವಂತಿಲ್ಲ, ಊರು ಬಿಟ್ಟು ಹೊರಗೆ ರಾತ್ರಿ ಕಳೆಯುವಂತಿಲ್ಲ. ದೇವರನ್ನು ಉದ್ದನೆಯ ಮರದ ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಬಯಲಿನಲ್ಲಿ ಕುಣಿಸುತ್ತಾರೆ. ಮದುವೆಯಾದ ವರ್ಷ ಹೊಸ ಗಂಡು ಆ ಅಡ್ಡೆಗೆ ಹೆಗಲು ಕೊಡಬೇಕು. ಹೊತ್ತವನು ಮೂರೂ ದಿನ ಮನೆಗೆ ಬರುವಂತಿಲ್ಲ. ಊಟ, ನಿದ್ದೆ ಎಲ್ಲ ಗುಡಿಯ ಚಾವಡಿಯಲ್ಲೇ.

ಯೋಗಾನಂದ ಬಿಳಿ ಪಂಚೆ ಉಟ್ಟು ಹೊರಟ ದಿನ ರಾಜಲಕ್ಷ್ಮಮ್ಮನ ಮುಖ ಬೆಳಗುತ್ತಿತ್ತು. ಸೊಸೆಯ ಪಕ್ಕ ಜಗಲಿಯಲ್ಲಿ ಕೂತು ಅವರು ಹೇಳಿದರು: "ಈ ಮೂರು ದಿನ ಹುಷಾರು ಕಣವ್ವ. ಅಡ್ಡೆ ಹೊತ್ತೋನ ಮನೇಲಿ ರಕ್ತದ ಮೈಲಿಗೆ ಆಗ್ಬುಟ್ರೆ ಅವನು ಅಡ್ಡೆ ಇಳಿಸ್ಬೇಕು. ಆ ಕುಳ್ಳಯ್ಯನ ಮನೇಲಿ ಹಂಗೇ ಆಯ್ತು. ನಟ್ಟ ನಡು ಬಯಲಲ್ಲಿ ದೇವ್ರನ್ನ ಕೆಳಗಿಟ್ಟ. ಇವತ್ತಿಗೂ ಅದನ್ನ ಅಡ್ಡೆ ಇಳಿಸಿದೋರ ಮನೆ ಅಂತಾನೇ ಕರೆಯೋದು."

ಹೇಳಿ ನಕ್ಕರು. ಊರಿನವರೆಲ್ಲ ನಗುವ ಮಾತು ಅದು. ಹೊಸ ಸೊಸೆಗೆ ಏನು ಹೇಳುತ್ತಿದ್ದೇವೆ, ಎಷ್ಟು ಹೇಳುತ್ತಿದ್ದೇವೆ ಎಂಬ ಎಚ್ಚರ ನಮ್ಮ ಹಿರಿಯರಿಗೆ ಯಾವತ್ತೂ ಇಲ್ಲ. ಸೌಜನ್ಯ ನಗಲಿಲ್ಲ.

ಅದೇ ಸಂಜೆ ಅವಳು ಬಚ್ಚಲಿಗೆ ಹೋದಾಗ ಬಟ್ಟೆಯ ಮೇಲೆ ಎರಡು ಹನಿ ರಕ್ತ ಕಂಡಿತು.

ಆಶಾ ಕಾರ್ಯಕರ್ತೆ ಗಂಗಾಮಣಿ ತಿಂಗಳ ಹಿಂದೆಯೇ ಬಡಿದು ಬಡಿದು ಹೇಳಿದ್ದಳು: "ಒಂದು ಹನಿ ಕಂಡ್ರೂ ತಡ ಮಾಡ್ಬೇಡ. ಯಾವ ಹೊತ್ತಾದ್ರೂ ಫೋನ್ ಮಾಡು." ಸೌಜನ್ಯ ಮೊಬೈಲು ಹಿಡಿದು ಅಂಗಳಕ್ಕೆ ಬಂದಳು. ನಂಬರು ತೆಗೆದಳು. ಕೆಳಗೆ ಬಯಲಿನಲ್ಲಿ ದೇವರು ಕುಣಿಯುತ್ತಿತ್ತು. ಮುಂದಿನ ಹೆಗಲು ಯೋಗಾನಂದನದು. ಬೆವರಿನಲ್ಲಿ ತೊಯ್ದು, ಅಷ್ಟು ದೂರದಿಂದಲೂ ಅವನು ಮನೆಯ ಬೇಲಿಯ ಕಡೆ ತಿರುಗಿ ಅವಳನ್ನು ಹುಡುಕಿದ. ಕಂಡ ಕೂಡಲೇ ನಕ್ಕ. ಪಕ್ಕದಲ್ಲಿ ಮಾವ ಬೋರಯ್ಯ, ಹೊಸ ಪೇಟ ಸುತ್ತಿಕೊಂಡು, ಮಗನನ್ನೇ ನೋಡುತ್ತ ನಿಂತಿದ್ದರು.

ಬಂದು ವರ್ಷ ತುಂಬದ ಸೊಸೆ. ತನ್ನಿಂದ ಈ ಮನೆಗೆ ಒಂದು ಹೆಸರು ಬಂದರೆ ಅದು ಮೊಮ್ಮಕ್ಕಳ ಕಾಲಕ್ಕೂ ಅಳಿಯದು. ಎರಡೇ ಹನಿ ತಾನೇ, ನಿಂತುಹೋಯಿತು. ಇನ್ನೆರಡೇ ದಿನ ತಾನೇ. ಅವಳು ಮೊಬೈಲು ಒಳಗಿಟ್ಟಳು.

ಮಾರನೆಯ ದಿನ ಮತ್ತೆ ಬಂತು, ನಿನ್ನೆಗಿಂತ ಹೆಚ್ಚು. ನೋವಿರಲಿಲ್ಲ. ನೋವಿಲ್ಲದ್ದರಿಂದ ಧೈರ್ಯ ತಂದುಕೊಂಡಳು. ಬಟ್ಟೆಗಳನ್ನು ಕದ್ದು ಒಗೆದು ಹಂಡೆ ಒಲೆಯ ಹಿಂದೆ ಒಣಹಾಕಿದಳು. ಅತ್ತೆ ಬಡಿಸಲು ಬಂದಾಗ ಅವಳ ಮುಖ ನೋಡಿದರು.

"ಯಾಕವ್ವಾ, ಹಿಂಗೆ ಬಿಳಿಚ್ಕೊಂಡಿದೀಯಾ?"

"ನಿದ್ದೆ ಸರಿಯಾಗಿಲ್ಲ ಅತ್ತೆ. ತಮಟೆ ಸದ್ದು."

"ಇನ್ನೊಂದ್ ದಿನ ತಡ್ಕೊ" ಎಂದರು ಅವರು. ತಡೆದುಕೊಳ್ಳಬೇಕಾದದ್ದು ಏನೆಂದು ಆ ತಾಯಿಗೆ ಗೊತ್ತಿದ್ದರೆ ಆ ಮಾತು ಬಾಯಿಂದ ಬರುತ್ತಿತ್ತೇ?

ಮೂರನೆಯ ದಿನ ಬೆಳಿಗ್ಗೆ ಮಗು ಅಲುಗಲಿಲ್ಲ. ದಿನಾ ಅವಳು ಎದ್ದು ಕೂತ ಕೂಡಲೇ ಪಕ್ಕೆಗೆ ಒದೆಯುತ್ತಿದ್ದ ಮಗು. ಸೌಜನ್ಯ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಎಡಕ್ಕೆ ಹೊರಳಿ ಮಲಗಿದಳು. ಕಾದಳು. ಹೊಟ್ಟೆಯ ಮೇಲೆ ಕೈಯಿಟ್ಟು, "ಏಳು ಕಂದ, ಇವತ್ತೊಂದೇ ದಿನ" ಎಂದು ಬೇಡಿಕೊಂಡಳು. ಬಯಲಿನಲ್ಲಿ ತಮಟೆ ಏರುತ್ತಿತ್ತು. ಅವಳ ಹೊಟ್ಟೆಯೊಳಗೆ ಮಾತ್ರ ಏನೂ ಮಿಸುಕಲಿಲ್ಲ. ಮಧ್ಯಾಹ್ನ ನೋವು ಕಿತ್ತುಕೊಂಡು ಬಂತು. ಅಂಗಳ ದಾಟುವಾಗ ಅವಳು ಕುಸಿದಳು, ಸಗಣಿ ಸಾರಿಸಿದ ನೆಲ ಕೆಂಪಾಯಿತು.

ರಾಜಲಕ್ಷ್ಮಮ್ಮ ಕೂಗಿಕೊಂಡ ಕೂಗು ಬಯಲಿಗೆ ಕೇಳಿತು. ಮೊದಲು ಓಡಿಬಂದವರು ಬೋರಯ್ಯ. ಹಿಂದೆಯೇ ಯೋಗಾನಂದ, ಅಡ್ಡೆಯನ್ನು ಪಕ್ಕದವನ ಹೆಗಲಿಗೆ ದಾಟಿಸಿ. ಕುಳ್ಳಯ್ಯನ ಮಗ ಸುರೇಂದ್ರ ಜೀಪನ್ನು ಅಂಗಳದವರೆಗೂ ತಂದ. ಸುಗ್ಗಿ ಸಾರಿದ ಊರಿನ ಗಡಿ ದಾಟುವಾಗ ಅವರನ್ನು ಯಾರೂ ತಡೆಯಲಿಲ್ಲ. ಗುಡಿಯ ಪೂಜಾರಿಯೇ ಮುಂದೆ ಓಡಿ, ದಾರಿಯಲ್ಲಿದ್ದ ಜನರನ್ನು ಬೈದು ಸರಿಸಿದ.

ಸಕಲೇಶಪುರದಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ಹೆಣ್ಣು ಮಗು, ಉಸಿರಿರಲಿಲ್ಲ. ತಾಯಿಯ ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗ ಯೋಗಾನಂದನ ಹಣೆಯಲ್ಲಿ ಭಂಡಾರ ಇನ್ನೂ ಹಾಗೇ ಇತ್ತು.

"ರಕ್ತ ಕಂಡ ದಿನವೇ ಬಂದಿದ್ದರೆ ಮಗುವೂ ಗರ್ಭಕೋಶವೂ ಉಳಿಯುತ್ತಿದ್ದವೇನೋ" ಎಂದರು ಡಾಕ್ಟರಮ್ಮ. "ಯಾಕೆ ತಡ ಮಾಡಿದಿರಿ?"

ಮನೆಗೆ ಬಂದ ಮೇಲೆ ಯೋಗಾನಂದನೂ ಅದನ್ನೇ ಕೇಳಿದ, ಒಂದೇ ಸಲ. ಅವಳ ತಲೆದಿಂಬು ಸರಿಮಾಡುತ್ತ, ಮುಖ ನೋಡದೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅಡ್ಡೆ ಇಳಿಸ್ಬೇಕಾಗ್ತಿತ್ತು."

ಅವನ ಬಲಹೆಗಲಲ್ಲಿ ಅಡ್ಡೆ ಉಜ್ಜಿ ಚರ್ಮ ಸುಲಿದ ಗಾಯ ಇನ್ನೂ ಮಾಗಿರಲಿಲ್ಲ, ಅಂಗಿ ಅಂಟಿಕೊಂಡಿತ್ತು.

"ಇಳಿಸ್ತಿದ್ದೆ" ಎಂದ.

ಮತ್ತೆ ಅವನು ಆ ಮಾತು ಎತ್ತಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಗಂಜಿ ತಂದುಕೊಟ್ಟ, ಮಾತ್ರೆ ತಂದುಕೊಟ್ಟ, ಮಾತು ಮಾತ್ರ ತರಲಿಲ್ಲ. ಬೆಳಿಗ್ಗೆ ಆನೆ ಎಲ್ಲಿದೆ ಎಂದು ನೋಡದೆಯೇ ತೋಟಕ್ಕೆ ಹೋಗತೊಡಗಿದ. ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು.

ತಿಂಗಳಾದ ಮೇಲೆ ಕುಳ್ಳಯ್ಯನ ಹೆಂಡತಿ ಮಾದಮ್ಮ ನೋಡಲು ಬಂದಳು, ಸೆರಗಿನಲ್ಲಿ ನಾಟಿಕೋಳಿಯ ಮೊಟ್ಟೆ ಕಟ್ಟಿಕೊಂಡು. ಊರಿನವರೆಲ್ಲ ಬಂದು ಹಣೆಬರಹ ಎಂದು ಹೇಳಿ ಹೋಗಿದ್ದರು. ಇವಳು ಹಾಗೆ ಹೇಳಲಿಲ್ಲ. ಕಾಲ ಬಳಿ ಕೂತಳು. ಸೌಜನ್ಯಳೇ ಕೇಳಿದಳು, ಅಷ್ಟು ದಿನ ಎದೆಯಲ್ಲಿ ಕೊರೆಯುತ್ತಿದ್ದುದನ್ನು.

"ಮಾದಮ್ಮಾರೆ, ನಿಮ್ಮನೇಲಿ ಅಡ್ಡೆ ಇಳಿಸಿದ್ದು ಯಾಕೆ?"

"ನಂಗೋಸ್ಕರ ಕಣವ್ವ" ಎಂದಳು ಮಾದಮ್ಮ. "ಎಂಟು ತಿಂಗಳಿತ್ತು, ರಕ್ತ ಹೋಗೋಕೆ ಶುರುವಾಯ್ತು. ನಾನೇ ಬಯಲಿಗೆ ಹೇಳಿ ಕಳಿಸ್ದೆ. ಈವಯ್ಯ ಅಲ್ಲೇ ದೇವ್ರನ್ನ ಇಳಿಸಿ, ಯಾವ್ದೋ ಎಸ್ಟೇಟ್ ಲಾರೀಲಿ ನನ್ನ ಹಾಕ್ಕೊಂಡು ಹೋದ್ರು."

"ದೇವ್ರು?"

"ದೇವ್ರಿಗೇನಾಯ್ತದೆ? ಬೇರೆ ಯಾರೋ ಹೆಗಲು ಕೊಟ್ರು, ಕುಣೀತು. ಆಮೇಲೆ ಜನ ಮನೆಗೊಂದು ಹೆಸರಿಟ್ರು, ನಗೋಕೆ. ನಾವೂ ನಕ್ವಿ. ಮಗು ಉಳೀತಲ್ಲ."

"ಯಾವ ಮಗು?"

"ಸುರೇಂದ್ರ ಕಣವ್ವ. ಅವತ್ತು ನಿನ್ನ ಜೀಪಲ್ಲಿ ಕರ್ಕೊಂಡು ಹೋಗ್ಲಿಲ್ವಾ, ಅವನೇ."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ರಾಜಲಕ್ಷ್ಮಮ್ಮ ನಿಂತಲ್ಲೇ ಕುಕ್ಕರಿಸಿದರು. ಅವರು ಸೊಸೆಗೆ ಹೇಳಿದ್ದು ಅರ್ಧ ಕಥೆ. ಸುಳ್ಳು ಹೇಳಬೇಕೆಂದಲ್ಲ. ಉಳಿದರ್ಧ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅದನ್ನು ಹೇಳುವ ಅಭ್ಯಾಸವೇ ಯಾರಿಗೂ ಇರಲಿಲ್ಲ. ಗೊತ್ತಿಲ್ಲದೆ ಇದ್ದವಳು ಆಲೂರು ಕಡೆಯಿಂದ ಬಂದ ಹೊಸ ಹುಡುಗಿ ಒಬ್ಬಳೇ.

"ಮೊದ್ಲೇ ಹೇಳಿದ್ರೆ..." ಎಂದು ಶುರುಮಾಡಿದ ಸೌಜನ್ಯ ಅಲ್ಲಿಗೇ ನಿಲ್ಲಿಸಿದಳು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಒಳಗೆಲ್ಲ ಬತ್ತಿಹೋಗಿತ್ತು.

ಹೊರಗೆ ಜೀಪಿನ ಹಾರನ್ ಕೇಳಿತು. ಸುರೇಂದ್ರ ತಾಯಿಯನ್ನು ಕರೆದೊಯ್ಯಲು ಬಂದಿದ್ದ. ಮಾದಮ್ಮ ಎದ್ದು, ಸೌಜನ್ಯಳ ತಲೆ ಸವರಿ, ಮಗನ ಜೊತೆ ಅಡ್ಡೆ ಇಳಿಸಿದವರ ಮನೆಗೆ ಹೋದಳು.

ಬೋರಯ್ಯನ ಮನೆಗೆ ಊರಿನವರು ಯಾವ ಹೆಸರನ್ನೂ ಇಡಲಿಲ್ಲ.