ಸಂಪಿಗೆ ವಾಸನೆಯ ಮೇಣಬತ್ತಿ

ಮುನವಳ್ಳಿಯ ರಾಜಮಾಳ ಮನೆಯಲ್ಲಿ ಜೋಳದ ರೊಟ್ಟಿಗೂ ಸಂಪಿಗೆ ವಾಸನೆ ಹತ್ತಿತ್ತು. ಬದನೆಕಾಯಿ ಪಲ್ಯಕ್ಕೂ ಹತ್ತಿತ್ತು. ಕುಡಿಯುವ ನೀರನ್ನೂ ಬಿಟ್ಟಿರಲಿಲ್ಲ. ಟೆಂಪೊ ಓಡಿಸುವ ಅವಳ ಗಂಡ ರಸೂಲಸಾಬ ಮೂಗು ಮುರಿಯುತ್ತಲೇ ಊಟಕ್ಕೆ ಕೂರುತ್ತಿದ್ದ.

“ನಾ ಇನ್ನೂ ಸತ್ತಿಲ್ಲಲಾ ರಾಜಮಾ, ಈಗ್ಲೇ ಯಾಕ ಇಷ್ಟ ಅತ್ತರ ಹೊಡದೀ?”

“ನೀವು ಸತ್ತರ ಇಷ್ಟ ತುಟ್ಟಿ ಎಣ್ಣಿ ಯಾರ ಹಾಕತಾರ? ಸುಮ್ನ ಉಣ್ರಿ.”

ಇದ್ದದ್ದು ಒಂದೇ ಕೋಣೆ. ರೇಷನ್ನಿನ ಸೀಮೆಎಣ್ಣೆಯೆಲ್ಲ ಮೇಣ ಕರಗಿಸಲು ಹೋಗುತ್ತಿತ್ತು. ಅಡಿಗೆ ಹಿತ್ತಲಿನ ಮೂರು ಕಲ್ಲಿನ ಮೇಲೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಡಬ್ಬಿ ಇಟ್ಟು, ಡಬ್ಬಿಯಲ್ಲಿ ಮೇಣ ಕರಗಿಸಬೇಕು. ಬಣ್ಣ ಬಿಸಿಯಲ್ಲೇ ಹಾಕಬೇಕು. ವಾಸನೆಯ ಎಣ್ಣೆಯನ್ನು ಮಾತ್ರ ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ ಹಾಕಬೇಕು. ಅವಸರ ಮಾಡಿದರೆ ವಾಸನೆ ಹಾರಿಹೋಗುತ್ತದೆ. ಕುದಿಯುವ ನೀರು ಕೈಮೇಲೆ ಬಿದ್ದರೆ ಜಾರಿ ಹೋಗುತ್ತದೆ, ಮೇಣ ಹಾಗಲ್ಲ, ಕಚ್ಚಿ ಹಿಡಿಯುತ್ತದೆ. ಕೀಳಲು ಹೋದರೆ ಚರ್ಮವನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ರಾಜಮಾಳ ಬಲಗೈಯ ಮೂರು ಬೆರಳಿಗೆ ಹಳೆಯ ಚರ್ಮ ಉಳಿದಿರಲಿಲ್ಲ.

ಈ ಉದ್ಯೋಗವನ್ನು ಊರಿಗೆ ತಂದವನು ಉಳವಪ್ಪ. ೨೦೦೩ರಲ್ಲಿ ಮೋಟರ್‌ಸೈಕಲ್ ಮೇಲೆ ಬಂದ. ಹೆಂಗಸರ ಸಂಘಗಳಿಗೆ ಕೆಲಸ ಕಲಿಸುವ ತರಬೇತಿ ಕೇಂದ್ರ ತನ್ನದು ಎಂದ. ರಾಜಮಾಳ ಸಂಘದ ಹತ್ತು ಹೆಂಗಸರನ್ನು ಸಮುದಾಯ ಭವನದಲ್ಲಿ ಮೂರು ದಿನ ಕೂರಿಸಿ, ಅರ್ಧ ಕಪ್ಪು ಚಹ ಕೊಟ್ಟು, ಪೂರ್ತಿ ಭಾಷಣ ಮಾಡಿದ.

“ಅಕ್ಕಾರ, ಇನ್ನ ಮಂದಿ ಹೊಲದಾಗ ಕಸಾ ತಗಿಯೂದು ಬ್ಯಾಡ. ದೊಡ್ಡ ಊರಾಗ ದೊಡ್ಡ ಮಂದಿ ಜಳಕಾ ಮಾಡೂಮುಂದ ವಾಸನಿ ಮೇಣಬತ್ತಿ ಹಚ್ಚತಾರ.”

“ಯಾಕ್ರಿ, ಅವರ ಬಚ್ಚಲದಾಗ ಕರೆಂಟ್ ಇಲ್ಲೇನು?” ಎಂದು ಸೋಮವ್ವ ಕೇಳಿದಳು. ಗುಂಪಿನಲ್ಲಿ ಅವಳೇ ಹಿರಿಯಳು.

“ಇರತೈತಿ. ಅದನ್ನ ಆರಿಸಿ ಇದನ್ನ ಹಚ್ಚತಾರ.”

“ನಮ್ಮಲ್ಲಿ ಅದು ತಾನ ಆರತೈತಿ. ಅಂದಮ್ಯಾಲ ನಾವು ಅವರಕಿಂತಾ ದೊಡ್ಡ ಮಂದಿ ಆದ್ವಿ ಬಿಡ್ರಿ.”

ಉಳವಪ್ಪ ನಗಲಿಲ್ಲ. ಮೇಣ, ಬಣ್ಣ, ಎಣ್ಣೆ, ಅಚ್ಚು ಎಲ್ಲವನ್ನೂ ತನ್ನಿಂದಲೇ ಕೊಳ್ಳಬೇಕು, ತಯಾರಾದ ಮಾಲನ್ನೆಲ್ಲ ತಾನೇ ಒಯ್ದು ಕಂಪನಿಗೆ ಮಾರಿಕೊಡುತ್ತೇನೆ ಎಂದ. ರಾಜಮಾ ಕಾಲ್ಚೈನು ಮಾರಿದಳು. ಪಕ್ಕದ ಮನೆಯ ಚನ್ನವ್ವ ಆಡು ಮಾರಿದಳು.

ಅವನು ಕೊಟ್ಟ ಅಚ್ಚುಗಳು ಸೋರುತ್ತಿದ್ದವು. ಸಂದಿಗೆ ಹಿಟ್ಟು ಮೆತ್ತಿದರೂ ನಿಲ್ಲಲಿಲ್ಲ. ಕೊನೆಗೆ ರಾಜಮಾ ತವರಿನಿಂದ ಬಂದ ಸ್ಟೀಲ್ ಬಟ್ಟಲಿಗೆ ಎಣ್ಣೆ ಸವರಿ ಮೇಣ ಹೊಯ್ದಳು. ನಡುವೆ ಕಸಬರಿಗೆ ಕಡ್ಡಿಗೆ ಕಟ್ಟಿದ ಬತ್ತಿಯ ದಾರ ಇಳಿಬಿಟ್ಟಳು. ಆರಿದ ಮೇಲೆ ಬೋರಲು ಹಾಕಿದರೆ, ಆಹಾ, ಚೆಂಡಿನ ಅರ್ಧದಂಥ ಹಳದಿ ಮೇಣಬತ್ತಿ. ಬಟ್ಟಲಿನ ಒಳತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ‘ರಾಜಮಾ’ ಎಂಬ ಹೆಸರು ಮಾತ್ರ ಮೇಣದ ಉಬ್ಬಿದ ತಳದ ಮೇಲೆ ಉಲ್ಟಾ ಮೂಡಿತ್ತು.

ಉಳವಪ್ಪ ಮೊದಲ ಸಲ ಒಯ್ದ. ವಾರ ಬಿಟ್ಟು ಬಂದು ತಲೆ ಅಲ್ಲಾಡಿಸಿದ.

“ರಿಜೆಕ್ಟ್ ಆತು ಅಕ್ಕಾರ. ಬಣ್ಣ ಸಮ ಇಲ್ಲಂತ.”

ಎರಡನೆಯ ಸಲ ವಾಸನೆ ಕಡಿಮೆ ಎಂದ. ಮೂರನೆಯ ಸಲ ವಾಸನೆ ಹೆಚ್ಚು ಎಂದ.

“ರಿಜೆಕ್ಟ್ ಆದ ಮಾಲು ನಮಗ ತಿರಿಗಿ ಕೊಡ್ರೆಲಾ ಸರ್,” ಎಂದಳು ಚನ್ನವ್ವ.

“ಅದನ್ನೆಲ್ಲಾ ಕಂಪನ್ಯಾವ್ರು ಅಲ್ಲೇ ಕರಗಿಸಿ ಚೆಲ್ಲಿದ್ರು. ಕೈ ಕುದುರಲಿ, ರೊಕ್ಕ ತಾನ ಬರತೈತಿ. ಮತ್ತಷ್ಟು ಮೇಣಾ ತಗೋರಿ.”

ಹೀಗೆ ಎಂಟು ತಿಂಗಳು ಹತ್ತು ಮನೆಗಳ ರೊಟ್ಟಿಗೆ ಸಂಪಿಗೆ ವಾಸನೆ ಬಂತು. ಕೈಗೆ ಮಾತ್ರ ಬಿಡಿಗಾಸು ಬರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನ ಮಗಳು ನಾಜಿಮಾಳ ಮದುವೆ ಗೊತ್ತಾಯಿತು. ಬಟ್ಟೆ ಬಳೆ ಕೊಳ್ಳಲು ರಾಜಮಾ ಅವಳ ಜೊತೆ ಬೆಳಗಾವಿಗೆ ಹೋದಳು. ಗಾಜಿನ ಬಾಗಿಲಿನ ಒಂದು ಅಂಗಡಿಯ ಮುಂದೆ ಹಾಯುವಾಗ ಮೂಗಿಗೆ ಸಂಪಿಗೆ ಬಡಿಯಿತು. ನಿಂತಳು. ಒಳಗೆ, ಬಣ್ಣದ ಕಾಗದ ಹಾಸಿದ ಬುಟ್ಟಿಯಲ್ಲಿ, ಹಳದಿ ಮೇಣಬತ್ತಿಗಳು ಕುಳಿತಿದ್ದವು. ಒಳಗೆ ಹೋಗಿ ಒಂದನ್ನು ಕೈಗೆತ್ತಿಕೊಂಡು ತಳ ನೋಡಿದಳು. ಚುಕ್ಕಿ ಚುಕ್ಕಿಯ ತನ್ನದೇ ಹೆಸರು.

“ತಗೊಳ್ಳೋದಿದ್ರ ಅಷ್ಟ ಮುಟ್ರಿ,” ಎಂದ ಅಂಗಡಿಯವನು.

“ನಾ ಮುಟ್ಟಿದ್ಮ್ಯಾಲ ಇದು ಮೇಣಬತ್ತಿ ಆಗೇತಿ,” ಎಂದಳು ರಾಜಮಾ. ಅವನಿಗೆ ಅರ್ಥವಾಗಲಿಲ್ಲ. ಪಿಯುಸಿ ಓದಿದ್ದ ನಾಜಿಮಾ ಮೇಲಿನ ಇಂಗ್ಲಿಷ್ ಚೀಟಿ ಓದಿದಳು.

“ಹಳ್ಳಿ ಹೆಣ್ಮಕ್ಕಳು ಪ್ರೀತಿಯಿಂದ ಮಾಡಿದ್ದು ಅಂತ ಬರದಾರ ಖಾಲಾ.”

“ಪ್ರೀತಿಯಿಂದ? ಚರ್ಮಾ ಹೋಗಿದ್ದು ಬರದಾರೇನ ನೋಡು.”

“ಇಲ್ಲ. ಎಂಬತ್ತು ರೂಪಾಯಿ ಅಂತ ಬರದಾರ.”

ರಾಜಮಾ ಬಳೆಗೆಂದು ಗಂಟು ಕಟ್ಟಿಕೊಂಡಿದ್ದ ದುಡ್ಡು ಬಿಚ್ಚಿ, ತಾನು ಮಾಡಿದ ಮೇಣಬತ್ತಿಯನ್ನು ತಾನೇ ಕೊಂಡಳು.

ಮುಂದಿನ ವಾರ ಉಳವಪ್ಪ ಬಂದಾಗ ಹತ್ತೂ ಜನ ಚನ್ನವ್ವನ ಕಟ್ಟೆಯ ಮೇಲೆ ಕುಳಿತಿದ್ದರು. ರಾಜಮಾ ಮೇಣಬತ್ತಿಯನ್ನು ಅವನ ಕೈಯಲ್ಲಿಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ.

“ಇದು ನಿಮ್ಮದಲ್ರಿ. ಚೀನಾ ಮಾಲು.”

“ಚೀನಾದಾಗೂ ರಾಜಮಾ ಅನ್ನಾಕಿ ಯಾರರ ಅದಾಳೇನ್ರಿ ಸರ್?” ಎಂದಳು ಸೋಮವ್ವ. “ಇದ್ರ ಆಕೀ ಬೆರಳೂ ಸುಟ್ಟಿರಬೇಕು, ಪಾಪ.”

ಉಳವಪ್ಪನ ಮುಖ ಕೆಂಪಾಯಿತು. “ಬಾಳ ಮಾತಾಡಬ್ಯಾಡ್ರಿ. ನೀವು ಬಿಟ್ರ ಬ್ಯಾರೆ ಊರಾಗ ನೂರು ಮಂದಿ ಸಿಗತಾರ ನನಗ.” ಆಮೇಲೆ ಏನು ನೆನಪಾಯಿತೋ, ದನಿ ತಗ್ಗಿಸಿದ. “ನೋಡ್ರಿ ಅಕ್ಕಾರ, ಸವದತ್ತ್ಯಾಗ ಕಾರ್ಯಕ್ರಮ ಐತಿ. ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರತಾರ. ನನಗ ಸನ್ಮಾನ ಐತಿ. ಉದ್ಘಾಟನಕ್ಕ ಎದಿಮಟ್ಟದ್ದೊಂದು ಮೇಣಬತ್ತಿ, ಸಣ್ಣವು ಐವತ್ತು ಮಾಡಿಕೊಡ್ರಿ. ಮೇಣಾ ನಾನ ಕೊಡತೇನಿ. ಹಳೇದೆಲ್ಲಾ ಅವತ್ತ ಚುಕ್ತಾ ಮಾಡತೇನಿ.”

ಅವನ ಮೋಟರ್‌ಸೈಕಲ್ ಓಣಿ ದಾಟಿದ ಮೇಲೆ ಚನ್ನವ್ವ ಬಾಯಿ ಬಿಟ್ಟಳು. “ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕೂಣ. ಹಚ್ಚಿದ ಕೂಡ್ಲೆ ಘಾಟು ಏಳಬೇಕು, ಬೆಂಗಳೂರಿನ ತನಾ ಕೆಮ್ಮಿಕೋತ ಹೋಗಬೇಕು.”

“ಬ್ಯಾಡ ಚನ್ನಕ್ಕಾ,” ಎಂದಳು ರಾಜಮಾ. “ಸ್ವಾಗತ ಗೀತಾ ಹಾಡಾಕ ಸಾಲಿ ಹುಡುಗ್ಯಾರು ಬಂದಿರತಾರ. ಅವರ ಗಂಟಲ ಯಾಕ ಕೆಡಸೂದು?”

ಅವಳು ಬತ್ತಿಯ ದಾರದ ಉಂಡೆಯನ್ನು ಎತ್ತಿ ಚನ್ನವ್ವನ ಮಾಡದಲ್ಲಿಟ್ಟಳು. “ಇದ ಬ್ಯಾಡ ಈ ಸಲ,” ಎಂದಳು. ಅರೆಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಸೋಮವ್ವ ನಕ್ಕು ನಕ್ಕು ಕಟ್ಟೆಯಿಂದ ಇಳಿದು ನಿಲ್ಲಬೇಕಾಯಿತು.

ರಸೂಲಸಾಬ ದಪ್ಪನೆಯ ಪೈಪು ತಂದುಕೊಟ್ಟ. ಹತ್ತು ಜನ ಸೇರಿ ಎದೆಮಟ್ಟದ ಮೇಣಬತ್ತಿ ಎರೆದರು. ಅಷ್ಟು ಚಂದದ ಬಣ್ಣ ಅವರು ಎಂದೂ ಕಲಸಿರಲಿಲ್ಲ. ಒಳಗೆ ದಾರ ಇರಲಿಲ್ಲ. ತುದಿಗೆ ಮಾತ್ರ, ನೋಡುವವರ ಕಣ್ಣಿಗೆಂದು, ಉಗುರಿನಷ್ಟು ಸಿಕ್ಕಿಸಿದರು. ಐವತ್ತು ಸಣ್ಣವಕ್ಕೂ ಅದೇ ಮರ್ಯಾದೆ.

ಸವದತ್ತಿಯಲ್ಲಿ ಶಾಮಿಯಾನ ತುಂಬಿತ್ತು. ಉಳವಪ್ಪನಿಗೆ ಮೊದಲೇ ಶಾಲು ಹೊದಿಸಿಯಾಯಿತು. ಸಾಹೇಬರು ಕಡ್ಡಿ ಗೀರಿ ಮೇಣಬತ್ತಿ ಹೊತ್ತಿಸಿದರು. ಚಪ್ಪಾಳೆ. ಫೋಟೊ. ದೀಪ ಆರಿತು.

ಮತ್ತೆ ಹಚ್ಚಿದರು. ತುದಿ ಕೆಂಪಾಗಿ ಹೊಗೆಯಾಡಿ ಮಲಗಿತು. ನಿರೂಪಕ ಗಾಳಿಯನ್ನು ಬೈದ. ಫ್ಯಾನು ಬಂದಾಯಿತು. ಸೆಖೆಗೆ ಸಾಹೇಬರ ಕೋಟು ಬೆವೆತಿತು. ಯಾರೋ ಸಣ್ಣವನ್ನು ತಂದರು. ಅವೂ ಆರಿದವು. ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಸಾಹೇಬರು ಕೀಲಿಕೈ ತುದಿಯಿಂದ ಮೇಣ ಕೆದರಿ, ಮೈಕು ಹತ್ತಿರವಿರುವುದನ್ನು ಮರೆತು ಅಂದರು: “ಅಲ್ಲಾ, ಇದರಲ್ಲಿ ಬತ್ತೀನೇ ಇಲ್ವಲ್ರೀ!”

ಹಿಂದಿನ ಸಾಲಿನಲ್ಲಿ ರಾಜಮಾ ಎದ್ದು ನಿಂತಳು.

“ಹೌದ್ರಿ ಸಾಹೇಬ್ರ. ಇದ್ದ ಬತ್ತಿ ಎಲ್ಲಾ ಇವರು ನಮಗ ಇಟ್ಟಾರ್ರಿ. ಮೇಣದಾಗ ಇಡಾಕ ಉಳೀಲಿಲ್ಲ.”

ಮೊದಲು ನಕ್ಕವರು ಶಾಲೆಯ ಹುಡುಗಿಯರು. ಆಮೇಲೆ ಶಾಮಿಯಾನವೇ ನಕ್ಕಿತು. ಚನ್ನವ್ವ ಮೈಕು ಕಸಿದುಕೊಂಡು ಎಂಟು ತಿಂಗಳ ಕಥೆ ಹೇಳಿದಳು. ರಾಜಮಾ ಬೆಳಗಾವಿಯ ಮೇಣಬತ್ತಿಯನ್ನು ಎತ್ತಿ ತೋರಿಸಿದಳು. ಉಳವಪ್ಪ “ಅನಕ್ಷರಸ್ಥ ಹೆಂಗಸರು” ಎಂದೇನೋ ಹೇಳಲು ಹೋದ, ಶಾಲು ಕಾಲಿಗೆ ತೊಡರಿತು. ವಿಚಾರಣೆ ಮಾಡಿಸುತ್ತೇವೆ ಎಂದು ಹೇಳಿ ಸಾಹೇಬರು ಊಟಕ್ಕೆ ಹೋದರು. ಹೊದಿಸಿದ ಶಾಲು ವಾಪಸು ತೆಗೆಯುವ ನಿಯಮ ಇರಲಿಲ್ಲವಂತೆ, ಅದನ್ನು ಉಳವಪ್ಪ ಒಯ್ದ.

ವಿಚಾರಣೆಯೂ ಆಯಿತು. ಇಬ್ಬರು ಬಂದರು. ರಾಜಮಾಳ ಮನೆಯಲ್ಲಿ ಚಹ ಕುಡಿದರು. ಸಾಕ್ಷಿಗೆ ಬೇಕೆಂದು ಅವಳ ತವರಿನ ಬಟ್ಟಲು ಒಯ್ದರು. ಬಟ್ಟಲು ತಿರುಗಿ ಬರಲಿಲ್ಲ. ದುಡ್ಡೂ ಬರಲಿಲ್ಲ. ಸಾಕ್ಷಿ ಸಾಲದು ಎಂಬ ಒಂದು ಕಾಗದ ಬಂತು.

ಮಳೆಗಾಲ ಶುರುವಾದಾಗ ರಸೂಲಸಾಬ ಸುದ್ದಿ ತಂದ. ರಾಮದುರ್ಗದಲ್ಲಿ ಉಳವಪ್ಪ ಹೆಂಗಸರಿಗೆ ಫಿನೈಲ್ ಮಾಡುವ ತರಬೇತಿ ಶುರು ಮಾಡುತ್ತಾನಂತೆ, ಸೋಮವಾರದಿಂದ.

“ನೀವೇನ ಮಾಡವ್ರು?” ಎಂದು ಕೇಳಿದ.

“ಫಿನೈಲ್ ಕಲಿಯಾಕ ಹೋಗವ್ರು,” ಎಂದಳು ರಾಜಮಾ. “ಟೆಂಪೊ ತಗೀರಿ.”

ಸೋಮವಾರ ಉಳವಪ್ಪ ಕೈಜೋಡಿಸಿಕೊಂಡು ಸಭಾಂಗಣದ ಒಳಗೆ ಬಂದ. “ಅಕ್ಕಾರ, ಇನ್ನ ಮಂದಿ ಹೊಲದಾಗ...” ಎಂದವನು ಮುಂದಿನ ಸಾಲು ನೋಡಿ ನಿಂತ. ಹತ್ತು ಜನ ಮುನವಳ್ಳಿಯವರು ಸೆರಗು ಹೊದ್ದು ಕುಳಿತಿದ್ದರು.

ರಾಜಮಾ ಎದ್ದಳು. ಅವನಿಗೆ ಬೆನ್ನು ಮಾಡಿ, ಹಿಂದಿನ ನಲವತ್ತು ಹೆಂಗಸರ ಕಡೆ ತಿರುಗಿದಳು. ಸುಟ್ಟ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

“ಅಕ್ಕಾರ, ಮೊದಲನೇ ಪಾಠ ನಾ ಹೇಳತೇನಿ. ಕುಂದರ್ರಿ.”

ಉಳವಪ್ಪ ಚೀಲ ಎತ್ತಿಕೊಂಡು ಬಾಗಿಲ ಕಡೆ ಸರಿದ. ಅಷ್ಟರಲ್ಲಿ ರಾಮದುರ್ಗದ ಮುದುಕಿಯೊಬ್ಬಳು ಎದ್ದು, ಒಳಗಿನಿಂದ ಚಿಲಕ ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ಕುಳಿತಳು.

“ನೀವೂ ಕುಂದರ್ರೆಪಾ,” ಎಂದಳು. “ಪಾಠ ಮುಗೀಲಿ.”